ಹುಕುಂ ಕೇಳುವ ದಾಯಿ

ಯಾರ ಮನೆಗೆ ಹೋದರೂ ದಾಯಿಯ ಎಡ ಅಂಗೈ ಮೊದಲು ಬಾಗಿಲ ಚೌಕಟ್ಟಿನ ಮೇಲೆ ಕೂಡುತ್ತಿತ್ತು. ಬಿಸಿನೀರು, ಸಾಬೂನಿನಲ್ಲಿ ಬಿಳಿಚಿಕೊಂಡ, ಉಗುರನ್ನು ಬುಡದ ತನಕ ಕತ್ತರಿಸಿದ ಕೈ. ಒಳಗೆ ಹೆರುವ ಹೆಣ್ಣುಮಗಳು ಚೀರುತ್ತಿದ್ದರೂ ಸರಿ, ಆಕೆ ಕಣ್ಣು ಮುಚ್ಚಿ ನಿಂತುಬಿಡುತ್ತಿದ್ದಳು. "ತಡೀರಿ, ಕರ್ತನ ಹುಕುಂ ಆಗ್ಲಿ." ಎದೆ ತಣ್ಣಗಾದರೆ ಆತ ಹೂಂ ಅಂದಹಾಗೆ, ಒಳಗೆ ಹೋಗಿ ಹೆರಿಗೆ ಮಾಡಿಸುತ್ತಿದ್ದಳು. ಆಗದಿದ್ದರೆ, "ಇದು ನನ್ನ ಕೈಯಾಗಿಂದಲ್ರಿ. ಸಿಕ್ಕ ಗಾಡಿ ಹತ್ತಿಸ್ರಿ, ಹುಮನಾಬಾದಿನ ಡಾಕ್ಟರಮ್ಮನ ಕಡೆ ಒಯ್ಯಿರಿ" ಅನ್ನುವಳು. ಅದಕ್ಕೆ ಎದುರಾಡುವ ಧೈರ್ಯ ಬಸವಕಲ್ಯಾಣದ ನಮ್ಮ ಓಣಿಯಲ್ಲಿ ಯಾರಿಗೂ ಇರಲಿಲ್ಲ.

ಹೆರಿಗೆಗೆ ಮಾತ್ರವಲ್ಲ, ಆಡು ಕೊಳ್ಳುವುದಕ್ಕೂ ಬಸ್ಸು ಹತ್ತುವುದಕ್ಕೂ ಹುಕುಂ ಬೇಕು. ಒಮ್ಮೆ ಹುಮನಾಬಾದ್ ಬಸ್ ನಿಲ್ದಾಣದಲ್ಲಿ ನಾನೂ ಜೊತೆಗಿದ್ದೆ. ಬಸ್ಸಿನ ಬಾಗಿಲಿಗೆ ಅಂಗೈ ಹಚ್ಚಿ ನಿಂತಳು ನಮ್ಮ ದಾಯಿ. "ಏ ಮುದುಕಿ, ಏರ್ತೀಯೋ ಇಲ್ಲೋ?" ಅಂತ ಕಂಡಕ್ಟರ್ ಒದರಿದ. "ತಡಿಯಪ್ಪಾ, ಕೇಳಾಕತ್ತೇನಿ." ಬಸ್ಸು ಹೋಗಿಯೇಬಿಟ್ಟಿತು. ಜನ ಬಿದ್ದು ಬಿದ್ದು ನಕ್ಕರು, ನನಗೆ ನಾಚಿಕೆಯಿಂದ ಸಾಯುವಂತಾಯಿತು. ಆ ಬಸ್ಸೇನೂ ದಾರಿಯಲ್ಲಿ ಉರುಳಿ ಬೀಳಲಿಲ್ಲ. ಸುಖವಾಗಿ ಊರು ಮುಟ್ಟಿತ್ತು. ಅದನ್ನು ಹೇಳಿ ಚೇಷ್ಟೆ ಮಾಡಿದರೆ, "ಬಸ್ಸಿಂದು ಬಸ್ಸಿಗೆ ಗೊತ್ತು. ನಂದು ಅವಗ ಗೊತ್ತು" ಅಂದಳು.

ಆಕೆಯದು ಕ್ರಿಸ್ತನ ಮಂದಿ. ಹೆರಿಗೆಗೆ ಒಳಗೆ ಕರೆಯುವ ಮನೆಗಳೇ ಆಕೆ ಹೋದಮೇಲೆ ನೆಲಕ್ಕೆ ಗಂಜಲ ಚಿಮುಕಿಸುತ್ತಿದ್ದವು. ಚಿಮುಕಿಸದವಳು ನನ್ನ ಅವ್ವ ಒಬ್ಬಳೇ. ಅಡಿಗೆಮನೆಯಲ್ಲಿ ಕೂಡಿಸಿ, ತಾನು ಕುಡಿಯುವ ಕಪ್ಪಿನಲ್ಲೇ ಚಹಾ ಕೊಡುತ್ತಿದ್ದಳಂತೆ, ಅಕ್ಕಾ ಎಂದು ಕರೆಯುತ್ತಿದ್ದಳಂತೆ. ಇದೆಲ್ಲ ಅಜ್ಜಿ ಹೇಳಿದ್ದು. ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ವರ್ಷ ನಾನು ಹುಟ್ಟಿದೆ. ಅವ್ವನಿಗೆ ರಕ್ತ ನಿಲ್ಲಲಿಲ್ಲ, ಹೋದಳು.

ಅಂದಿನಿಂದ ದಾಯಿ ನಮ್ಮ ಮನೆಯೊಳಗೆ ಬಂದದ್ದಿಲ್ಲ. ಅಜ್ಜಿ ಎಷ್ಟು ಕರೆದರೂ ಅಂಗಳದಲ್ಲೇ ನಿಂತು, ನನ್ನ ಕೈಗೆ ಬೋರೆಹಣ್ಣು ಕೊಟ್ಟು, ತಲೆ ಸವರಿ ಹೋಗುವಳು. ನಮ್ಮ ಚೌಕಟ್ಟನ್ನು ಮಾತ್ರ ಮುಟ್ಟುತ್ತಿರಲಿಲ್ಲ.

ಮದುವೆಯಾಗಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಾಗ ನಾನು ಹಟ ಹಿಡಿದೆ. "ನೀನೇ ಬರಬೇಕು. ಎಲ್ಲಾರ ಮನಿಗೂ ಹೋಗ್ತಿ, ನಮ್ಮನಿ ಏನ್ ಮಾಡ್ಯದ?"

"ನಿಮ್ಮನಿಗೆ ಬಂದೀನವ್ವಾ, ನೀ ಹುಟ್ಟಿದ ದಿನ. ಆವತ್ತ ನಾ ಕೇಳ್ಲಿಲ್ಲ."

"ಯಾಕ?"

"ನಿಮ್ಮವ್ವ ಒಳಗಿಂದ ಅಕ್ಕಾ ಅಂದ್ಲು. ಆತ ಬ್ಯಾಡ ಅಂದ್ರ ಆಕಿನ್ನ ಬ್ಯಾರೆಯವರ ಕೈಗೆ ಕೊಡಬೇಕಲ್ಲಾ ಅಂತ ಅಂಜಿದ್ನಿ. ಕೇಳದ ದಾಟಿಬಿಟ್ಟೆ." ತನ್ನ ಎಡ ಅಂಗೈ ನೋಡಿಕೊಂಡಳು. "ಕೇಳಿದ್ರ ಏನಂತಿದ್ದ? ಅದೇ ಗೊತ್ತಿಲ್ಲ. ಅದೇ ಸುಡಾಕತ್ತದ."

 ನನಗೆ ಸಿಟ್ಟು ಬಂತು, ಆಕೆಯ ಮೇಲೋ ಆಕೆಯ ಕರ್ತನ ಮೇಲೋ ತಿಳಿಯದು. ನೋವು ಶುರುವಾದ ಬೆಳಿಗ್ಗೆ ಅಜ್ಜಿ ಆಕೆಗೇ ಹೇಳಿಕಳಿಸಿದಳು. ದಾಯಿ ಬಂದಳು. ನಾನು ಕಂಡಂತೆ ಮೊದಲ ಸಲ ನಮ್ಮ ಚೌಕಟ್ಟಿನ ಮೇಲೆ ಅಂಗೈ ಇಟ್ಟಳು. ಬಿಸಿಲು ಅಂಗಳಕ್ಕೆ ಇಳಿಯುವ ತನಕ ನಿಂತಳು. ಕಣ್ಣು ತೆರೆದಾಗ ಮುಖ ಬೂದಿಯಾಗಿತ್ತು. "ಹುಮನಾಬಾದಿಗೆ ಒಯ್ಯಿರಿ. ಈಗಿಂದೀಗ."

ಹುಮನಾಬಾದಿನಲ್ಲಿ ನನಗೂ ಅವ್ವನ ಹಾಗೆಯೇ ರಕ್ತ ಹರಿಯಿತು. ಡಾಕ್ಟರಮ್ಮ ಬಗಲಲ್ಲೇ ಇದ್ದರು, ನಾನು ಉಳಿದೆ.

ಮಗಳನ್ನು ಎತ್ತಿಕೊಂಡು ದಾಯಿಯ ಗುಡಿಸಲಿಗೇ ಹೋದೆ. ಸಂತೋಷ ಪಡುತ್ತಾಳೆಂದುಕೊಂಡಿದ್ದೆ. ಕೂಸಿನ ಕಾಲು ಮುಟ್ಟಿದಳು, ನನ್ನ ಮುಖ ನೋಡಿದಳು. "ಹಂಗಾದ್ರ ನಿಮ್ಮವ್ವನೂ ಉಳೀತಿದ್ಲು" ಅಂದಳು.

"ಆಗಿನ ಕಾಲ ಬ್ಯಾರೆ, ಈಗಿಂದು ಬ್ಯಾರೆ, ದಾಯಿ. ಆಗ ಇಷ್ಟ ಔಷಧ ಎಲ್ಲಿದ್ವು?" ಅಂತ ಎಷ್ಟೋ ಹೇಳಿದೆ. ಹೂಂ ಹೂಂ ಅಂದಳು. ಒಪ್ಪಲಿಲ್ಲ ಅಂತ ನನಗೆ ಗೊತ್ತಿತ್ತು. ನಾನು ಬದುಕಿ ಬಂದದ್ದೇ ಆಕೆಗೆ ತನ್ನ ತಪ್ಪಿನ ಸಾಕ್ಷಿಯಾಗಿಬಿಟ್ಟಿತು. ಆಮೇಲೆ ಯಾರ ಹೆರಿಗೆಗೂ ಹೋಗಲಿಲ್ಲ. ಕಬ್ಬು ಕಡಿಯುವ ಕಾಲಕ್ಕೆ ಸತ್ತಳು, ನಾನಿನ್ನೂ ತವರಲ್ಲೇ ಇದ್ದೆ.

ಪೆಟ್ಟಿಗೆ ಹೊತ್ತವರು ನಮ್ಮ ಓಣಿಯಲ್ಲೇ ಬಂದರು. ನಮ್ಮ ಬಾಗಿಲ ಮುಂದೆ ನಿಲ್ಲಿರಿ ಅಂದೆ. ನಿಂತರು, ಪಾದ್ರಿಯೂ ನಿಂತರು. "ಒಳಗ ಬಾ ದಾಯಿ" ಅಂದೆ. ಎಲ್ಲರೂ ನನ್ನ ಮುಖ ನೋಡಿದರು. ಆಕೆ ಕೇಳದೆ ಬರುವವಳಲ್ಲವಲ್ಲ. ನಾನೇ ಚೌಕಟ್ಟಿನ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ, ಆಕೆಯ ಪರವಾಗಿ ಕೇಳಿದೆ.

ಎದೆ ತಣ್ಣಗಾಗಲಿಲ್ಲ. ಹೊತ್ತವರಿಗೆ ಭುಜ ನೋಯುತ್ತಿತ್ತು, ಮುಂದೆ ಕಳಿಸಿದೆ. ಈಗಲೂ ಹೊರಗಿನಿಂದ ಬಂದಾಗ ಅಂಗೈ ತಾನಾಗಿ ಚೌಕಟ್ಟಿಗೆ ಹೋಗುತ್ತದೆ. ಕೇಳುತ್ತೇನೆ. ಹುಕುಂ ಇನ್ನೂ ಆಗಿಲ್ಲ.