ತಿಂಗಳ ಮೊದಲ ಮಾತು

ಕಳೆದ ವಾರ ಮಗಳ ಉಣ್ಣೆ ಕೋಟಿನ ತೋಳು ಗಿಡ್ಡ ಮಾಡಿಸಲೆಂದು ಮನೆ ಹತ್ತಿರದ ಟೈಲರ್ ಅಂಗಡಿಗೆ ಹೋಗಿದ್ದೆ. ಬಾಗಿಲು ತೆರೆದದ್ದೇ ತಡ, ಒದ್ದೆ ಉಣ್ಣೆಯ ಮೇಲೆ ಬಿಸಿ ಇಸ್ತ್ರಿಪೆಟ್ಟಿಗೆ ಆಡಿಸಿದ ವಾಸನೆ, ಅದರೊಳಗೆ ಬೆರೆತ ಹೊಲಿಗೆ ಮಿಷನ್ನಿನ ಎಣ್ಣೆ ವಾಸನೆ... ಯಾವತ್ತಿಗೆ ಬೇಕು ಎಂದು ಕೌಂಟರಿನ ಹೆಂಗಸು ಎರಡು ಸಲ ಕೇಳಬೇಕಾಯಿತು. ಆ ಗಳಿಗೆಯಲ್ಲಿ ನಾನು ಮಿಷಿಗನ್ನಿನಲ್ಲಿ ಇರಲೇ ಇಲ್ಲ. ಶಿಕಾಗೋ ಪಕ್ಕದ ಸ್ಕೋಕಿಯಲ್ಲಿ, ನಮ್ಮ ಕೆಳಗಿನ ಮನೆ ಆಂಟಿಯ ಅಡುಗೆಮನೆಯಲ್ಲಿದ್ದೆ.

ತೊಂಬತ್ತೆಂಟನೇ ಇಸವಿ. ಮದುವೆಯಾಗಿ ಮೈಸೂರಿನಿಂದ ಬಂದು ಮೂರು ವಾರವಾಗಿತ್ತಷ್ಟೆ. ಯಜಮಾನರ ಆಫೀಸು ಓಕ್ ಬ್ರೂಕಿನಲ್ಲಿ. ಟ್ರಾಫಿಕ್ ಶುರುವಾಗುವ ಮೊದಲೇ ಹೊರಟುಬಿಡುತ್ತಿದ್ದರು. ಒಂದು ಬೆಳಿಗ್ಗೆ ಅವರು ಹೋದಮೇಲೆ ಕಸದ ಚೀಲ ಹಿಡಿದು ಕೆಳಗಿಳಿದೆ. ಹಿಂದೆ ಬಾಗಿಲು ತಾನಾಗಿಯೇ ಲಾಕ್ ಆಯಿತು. ಮೈಮೇಲೆ ನೈಟಿ, ಕಾಲಿಗೆ ಹವಾಯಿ ಚಪ್ಪಲಿ. ಬೇರೆ ದಾರಿ ಕಾಣದೆ ಕೆಳಗಿನ ಮನೆಯ ಬಾಗಿಲು ತಟ್ಟಿದೆ.

ತೆರೆದವರು ಐವತ್ತೈದರ ಆಸುಪಾಸಿನ ಹೆಂಗಸು. ಕೊರಳಲ್ಲಿ ಅಳತೆಯ ಟೇಪು. ಫೋನ್ ಮಾಡಬಹುದೇ ಎಂದು ಇಂಗ್ಲಿಷಿನಲ್ಲಿ ಕೇಳಿದೆ. ಅವರು ತುಟಿಯ ಮೇಲೆ ಬೆರಳಿಟ್ಟು, ಕಣ್ಣು ಮುಚ್ಚಿ, ಮಂತ್ರ ಹೇಳುವವರ ಹಾಗೆ "ರ‍್ಯಾಬಿಟ್, ರ‍್ಯಾಬಿಟ್" ಎಂದರು. ಆ ಬೀದಿಯ ಹುಲ್ಲಿನಲ್ಲಿ ಮೊಲಗಳಿಗೆ ಕೊರತೆಯಿರಲಿಲ್ಲ. ಒಂದು ಹಿಂದೆಯೇ ಬಂತೇನೋ ಎಂದು ತಿರುಗಿ ನೋಡಿದೆ. ಏನೂ ಇರಲಿಲ್ಲ.

"ಅಯ್ಯೋ ದೇವರೇ, ಇವರಿಗೆ ತಲೆ ಸರಿ ಇಲ್ವೇನೋ" ಎಂದು ನನ್ನಷ್ಟಕ್ಕೆ ಗೊಣಗಿಕೊಂಡೆ.

ಅವರ ಕಣ್ಣು ಫಕ್ಕನೆ ತೆರೆಯಿತು. "ತಲಿ ಬರೋಬ್ಬರಿ ಐತಿ, ಬೇಟಾ. ಇವತ್ತ ಒಂದನೇ ತಾರೀಖು. ಬಾ ಒಳಗ."

ಅವರದು ಬಿಜಾಪುರ. ಬಂದು ಇಪ್ಪತ್ತು ವರ್ಷವಾಗಿತ್ತು. ದೊಡ್ಡದೊಂದು ಬಟ್ಟೆ ಅಂಗಡಿಯ ಒಳಕೋಣೆಯಲ್ಲಿ ಪ್ಯಾಂಟು, ಕೋಟುಗಳನ್ನು ಗಿರಾಕಿಯ ಅಳತೆಗೆ ಸರಿಮಾಡುವ ಕೆಲಸ. ಉಳಿದದ್ದನ್ನು ಮನೆಗೆ ತಂದು ಅಡುಗೆಮನೆಯಲ್ಲೇ ಹೊಲಿಯುತ್ತಿದ್ದರು. ಅಂಗಡಿಯಲ್ಲಿ ಪಕ್ಕದ ಮಿಷನ್ನಿನಲ್ಲಿ ಕೂರುತ್ತಿದ್ದ ಅಮೆರಿಕನ್ ಮುದುಕಿ ಈ ಮೊಲದ ಮಾತು ಕಲಿಸಿದ್ದಂತೆ. ತಿಂಗಳ ಮೊದಲ ದಿನ ಎದ್ದಕೂಡಲೇ ಬಾಯಿಂದ ಬರುವ ಮೊದಲ ಮಾತು ಇದಾಗಿದ್ದರೆ ಆ ತಿಂಗಳು ಒಳ್ಳೆಯದಾಗುತ್ತದೆ. ಮೊಲವೇ ಏಕೆ ಎಂದು ಕೇಳಿದೆ.

"ಆಕಿಗೂ ಗೊತ್ತಿಲ್ಲ. ಗೊತ್ತಾದ್ರ ಕೆಲಸಾ ಮಾಡೂದಿಲ್ಲೇನೋ" ಎಂದು ನಕ್ಕರು.

ಒಳಗೆ ಸೋಫಾದ ಮೇಲೆ ಅಂಕಲ್ ಕೂತಿದ್ದರು. ಕಿಡ್ನಿ ಕೆಟ್ಟು ವಾರಕ್ಕೆ ಮೂರು ದಿನ ಡಯಾಲಿಸಿಸ್‌ಗೆ ಹೋಗುತ್ತಿದ್ದ ಮನುಷ್ಯ. ದನಿ ಸೋತಿತ್ತು, ತುಂಟತನ ಸೋತಿರಲಿಲ್ಲ. ಒಂದನೇ ತಾರೀಖು ಬೆಳಿಗ್ಗೆ ಬೇಕೆಂದೇ "ಟೈಮ್ ಎಷ್ಟಾತು?" ಎಂದು ಕೇಳುವರು. ಆಂಟಿ ಮರೆತು ಉತ್ತರ ಕೊಟ್ಟರೆ ಮುಗಿಯಿತು, ಆ ತಿಂಗಳು ಬಿದ್ದ ಹಿಮಕ್ಕೂ ಗಂಡನೇ ಹೊಣೆ.

ಇಷ್ಟೆಲ್ಲ ಏಕೆಂದು ಆವತ್ತೇ ಚಹಾ ಕುಡಿಯುವಾಗ ತಿಳಿಯಿತು. ಬಿಜಾಪುರದಲ್ಲಿ ಅವರ ಅಕ್ಕ ಇದ್ದರು. ತಾಯಿ ಬೇಗ ತೀರಿಕೊಂಡಿದ್ದರಿಂದ ಆಂಟಿಯನ್ನು ಸಾಕಿದ್ದು ಆ ಅಕ್ಕನೇ. ಈ ದೇಶದ ಸಿಟಿಜನ್ ಆದಕೂಡಲೇ ಅಕ್ಕನನ್ನು ಇಲ್ಲಿಗೆ ಕರೆಸಿಕೊಳ್ಳಲು ಅಪ್ಲೈ ಮಾಡಿದ್ದರು. ಹತ್ತು ವರ್ಷ ಕಳೆದಿತ್ತು. ಒಡಹುಟ್ಟಿದವರ ಸಾಲು ಬಹಳ ಉದ್ದ. ಯಾವ ದಿನಾಂಕದವರೆಗೆ ಅರ್ಜಿ ಹಾಕಿದವರು ಈಗ ಬರಬಹುದು ಎಂದು ಸರ್ಕಾರ ತಿಂಗಳಿಗೊಂದು ವೀಸಾ ಬುಲೆಟಿನ್ ಹೊರಡಿಸುತ್ತಿತ್ತು. ಆ ದಿನಾಂಕ ಒಂದು ತಿಂಗಳು ಮೂರು ವಾರ ಮುಂದೆ ಸರಿದರೆ, ಇನ್ನೊಂದು ತಿಂಗಳು ಅಲ್ಲಾಡುತ್ತಲೇ ಇರಲಿಲ್ಲ. ಅಂಕಲ್‌ನ ಬಿಟ್ಟು ಆಂಟಿ ಊರಿಗೆ ಹೋಗುವ ಹಾಗಿರಲಿಲ್ಲ. ಅಕ್ಕನಿಗೆ ನೋಡಿಹೋಗುವ ವೀಸಾ ಎರಡು ಸಲ ನಿರಾಕರಿಸಿದ್ದರು.

ನಮ್ಮ ಮನೆಯಲ್ಲಿ ಕಂಪ್ಯೂಟರ್ ಇತ್ತು. ಅಂದಿನಿಂದ ಪ್ರತಿ ಒಂದನೇ ತಾರೀಖು ಆಂಟಿ ಮೇಲೆ ಬರುವುದು, ನಾನು ಇಂಟರ್ನೆಟ್ ಹಚ್ಚಿ ದಿನಾಂಕ ಓದಿ ಹೇಳುವುದು ರೂಢಿಯಾಯಿತು. ಬುಲೆಟಿನ್ ಎರಡು ವಾರ ಮೊದಲೇ ಬಂದಿರುತ್ತದೆ ಎಂದರೂ ಕೇಳುತ್ತಿರಲಿಲ್ಲ. ಒಂದನೇ ತಾರೀಖೇ ಆಗಬೇಕು, ಮೊಲದ ಮಾತು ಮುಗಿದ ಮೇಲೇ ಆಗಬೇಕು.

ರಂಜಾನ್ ಲೆಕ್ಕ ಹಾಕುವ ಅವರ ಪಂಚಾಂಗದ ತಿಂಗಳು ಬೇರೆ, ಅದು ಚಂದ್ರ ಕಂಡ ಸಂಜೆಗೆ ಶುರುವಾಗುವುದು. ಆ ಸಂಜೆ ನನ್ನನ್ನು ಪಾರ್ಕಿಂಗ್ ಲಾಟಿಗೆ ಕರೆಯುತ್ತಿದ್ದರು. ಲಾಂಡ್ರಿಯ ಮಾಡಿನ ಮೇಲೆ ಎಳೆಯ ಚಂದ್ರ ಕಂಡಮೇಲೆ ಬೇರೇನನ್ನೂ ನೋಡಬಾರದು, ಪ್ರೀತಿಯ ಮುಖವನ್ನೇ ನೋಡಬೇಕು. ಚಿಕ್ಕವರಿದ್ದಾಗ ಮಾಳಿಗೆಯ ಮೇಲೆ ಅಕ್ಕ ಇವರ ಗದ್ದ ಹಿಡಿದು ತನ್ನ ಕಡೆ ತಿರುಗಿಸಿಕೊಳ್ಳುತ್ತಿದ್ದಳಂತೆ. ಇಲ್ಲಿ ಆಂಟಿ ಕಣ್ಣು ಮುಚ್ಚಿ ನನ್ನ ಕೈಹಿಡಿದು ಒಳಗೆ ನಡೆದು, ಫ್ರಿಜ್ಜಿನ ಮೇಲೆ ಅಂಟಿಸಿದ್ದ ಅಕ್ಕನ ಫೋಟೋದ ಎದುರು ಕಣ್ಣು ತೆರೆಯುತ್ತಿದ್ದರು. "ನನ್ನ ಮುಖಾ ಏನ್ ಪಾಪ ಮಾಡೇತಿ?" ಎಂದು ಅಂಕಲ್ ಸೋಫಾದಿಂದ ಕೇಳುವರು. ಆಂಟಿ ಆಮೇಲೆ ಅವರನ್ನೂ ನೋಡುವರು.

ಎರಡನೇ ಚಳಿಗಾಲದಲ್ಲಿ ನಾನೊಂದು ತಪ್ಪು ಮಾಡಿದೆ. ಅಂಕಲ್ ಎರಡು ಸಲ ಆಸ್ಪತ್ರೆ ಸೇರಿ ಬಂದಿದ್ದರು, ಆಂಟಿ ಬಳಲಿದ್ದರು. ಆ ತಿಂಗಳು ನೋಡಿದರೆ ದಿನಾಂಕ ಒಂದು ವರ್ಷಕ್ಕೂ ಹೆಚ್ಚು ಹಿಂದೆ ಹೋಗಿತ್ತು. ಹಾಗೆ ಹಿಂದೆ ಹೋಗುವುದೂ ಉಂಟೆಂದು ನನಗೆ ಗೊತ್ತೇ ಇರಲಿಲ್ಲ. ಪಕ್ಕದಲ್ಲಿ ಆಂಟಿ ಕನ್ನಡಕ ತೆಗೆದು ಕೂತಿದ್ದರು.

"ಎಷ್ಟ ಮುಂದ ಬಂತು?"

"ಮೂರು ವಾರ, ಆಂಟಿ" ಎಂದುಬಿಟ್ಟೆ.

ಹಣೆಗೆ ಮುತ್ತಿಟ್ಟರು. ಕೆಳಗೆ ಹೋಗಿ ಶಿರಾ ಮಾಡಿ ಕಳಿಸಿದರು. ಒಮ್ಮೆ ಹೇಳಿದ ಮೇಲೆ ಮುಂದಿನ ತಿಂಗಳೂ ಹೇಳಬೇಕಾಯಿತು, ಅದರ ಮುಂದಿನ ತಿಂಗಳೂ... ನನ್ನ ಸುಳ್ಳು ಲೆಕ್ಕದಲ್ಲಿ ಅಕ್ಕ ಹೊಸ್ತಿಲಿಗೇ ಬಂದಿದ್ದರು. ಆಂಟಿ ಮುಂದಿನ ಕೋಣೆಗೆ ಮಂಚ ತರಿಸಿದರು. ಬಿಜಾಪುರದಲ್ಲಿ ಅಕ್ಕ ತಾವು ಸಾಕಿದ್ದ ಎರಡು ಮೇಕೆಗಳನ್ನು ಪಕ್ಕದ ಮನೆಯವರಿಗೆ ಕೊಟ್ಟುಬಿಟ್ಟರಂತೆ. ಆ ಸುದ್ದಿ ಕೇಳಿದ ದಿನ ನನಗೆ ಊಟ ಸೇರಲಿಲ್ಲ. ಆದರೂ ಬಾಯಿ ಬಿಡಲಿಲ್ಲ.

ಮಿಷಿಗನ್ನಿನಲ್ಲಿ ಓದುತ್ತಿದ್ದ ಆಂಟಿಯ ಮಗಳು ರಜೆಗೆ ಬಂದಾಗ ಬುಲೆಟಿನ್ ನೋಡಿದಳು. ಇಲ್ಲೇ ಹುಟ್ಟಿದ ಹುಡುಗಿ, ಮೆಟ್ಟಿಲು ಹತ್ತಿ ಬಂದು "ವೈ ವುಡ್ ಯೂ ಡೂ ದಟ್?" ಎಂದಳು. ಅವಳ ಹಿಂದೆಯೇ ಆಂಟಿ ಬಂದರು. ಬೈಯಲಿಲ್ಲ. ಕುರ್ಚಿ ಎಳೆದುಕೊಂಡು ಕೂತು ಮೆಲ್ಲಗೆ ಹೇಳಿದರು:

"ಇಷ್ಟ ವರ್ಷ ಆತು ಕಾಯಾಕ ಹತ್ತಿ. ಕಾಯೂದು ನನಗ ಬರತೈತಿ, ಬೇಟಾ. ಬರೂದಿಲ್ಲ ಅಂತ ನೀ ತಿಳಕೊಂಡಿ."

ಸಂಜೆ ಯಜಮಾನರು "ಒಳ್ಳೇದಕ್ಕೇ ತಾನೆ ಹೇಳಿದ್ದು, ಬಿಡು" ಎಂದರು. ಆದರೆ ನಿಜ ನನಗೆ ಗೊತ್ತಿತ್ತು. ನಾನು ಸುಳ್ಳು ಹೇಳಿದ್ದು ಆಂಟಿಗಾಗಿ ಅಲ್ಲ. ಅವರ ಮುಖ ಬಾಡುವುದನ್ನು ಪಕ್ಕದಲ್ಲಿ ಕೂತು ನೋಡುವ ಧೈರ್ಯ ನನಗಿರಲಿಲ್ಲ, ಅಷ್ಟೆ.

ಮುಂದಿನ ಒಂದನೇ ತಾರೀಖು ಅವರು ಬರಲಾರರು ಎಂದುಕೊಂಡಿದ್ದೆ. ಏಳು ಗಂಟೆಗೆ ಬಾಗಿಲು ತಟ್ಟಿದ ಸದ್ದಾಯಿತು. "ಇದ್ದದ್ದು ಇದ್ದಂಗ ಓದು" ಎಂದರು. ಓದಿದೆ. ದಿನಾಂಕ ಅಲ್ಲಾಡಿರಲಿಲ್ಲ. "ಹೂಂ" ಎಂದು ಎದ್ದರು. ಅಂದಿನಿಂದ ಸ್ಕ್ರೀನಿನ ಮೇಲೆ ಬೆರಳಿಟ್ಟು ತಾವೂ ನನ್ನ ಜೊತೆ ಓದುತ್ತಿದ್ದರು.

ಮರುವರ್ಷ ವಸಂತದಲ್ಲಿ ಅಂಕಲ್ ತೀರಿಕೊಂಡರು. ಆ ತಿಂಗಳ ಮೊದಲ ದಿನ ಆಂಟಿ ಮೊಲದ ಮಾತು ತಪ್ಪದೆ ಹೇಳಿದ್ದರು. ಅಂಕಲ್ ಕೂಡ ಕಾಡಿಸದೆ ಸುಮ್ಮನಿದ್ದರಂತೆ. ಇನ್ನು ಇವರು ಮೊಲದ ಹೆಸರೆತ್ತಲಿಕ್ಕಿಲ್ಲ ಎಂದುಕೊಂಡೆ. ಆದರೆ ಮುಂದಿನ ಒಂದನೇ ತಾರೀಖೂ ಹೇಳಿದರು. ನಾನು ಬೆರಗಾಗಿ ನೋಡಿದ್ದಕ್ಕೆ "ಅದರದೇನ ತಪ್ಪೈತಿ?" ಎಂದರು.

ಅಕ್ಕ ಬಂದದ್ದು ಎರಡು ಸಾವಿರದ ಎರಡರ ಬೇಸಿಗೆಯಲ್ಲಿ. ಅಷ್ಟರಲ್ಲಿ ನಾನು ಡ್ರೈವ್ ಮಾಡಲು ಕಲಿತಿದ್ದೆ, ಏರ್‌ಪೋರ್ಟಿಗೆ ಆಂಟಿಯನ್ನು ನಾನೇ ಕರೆದುಕೊಂಡು ಹೋದೆ. ಕೋಲೂರಿಕೊಂಡು ಬಂದ ಸಣ್ಣ ಜೀವ, ದನಿ ಮಾತ್ರ ಇಡೀ ಹಾಲಿಗೆ ಕೇಳುವಂಥದ್ದು. ಆ ವಾರವೇ ಚಂದ್ರ ಕಂಡ ಸಂಜೆ ಬಂತು. ಪಾರ್ಕಿಂಗ್ ಲಾಟಿನಲ್ಲಿ ಇಬ್ಬರೂ ನಿಂತು ನೋಡಿದರು. ಅಕ್ಕ ಕೋಲು ಬಿಟ್ಟು, ಅರವತ್ತರ ತಂಗಿಯ ಗದ್ದ ಹಿಡಿದು ತಿರುಗಿಸಿಕೊಂಡರು. ನಾನು ಕಾರಿನ ಆಚೆಗೆ ಸರಿದುಕೊಂಡೆ.

ತಿಂಗಳು ಕಳೆಯುವುದರೊಳಗೆ ಅಕ್ಕ ಒಂದು ಮಾತು ಹೇಳಿದರು. "ನಾ ಇಲ್ಲಿ ಇರಾಕ ಬಂದಿಲ್ಲ. ನಿನ್ನ ಕರಕೊಂಡು ಹೋಗಾಕ ಬಂದೀನಿ." ಆಂಟಿ ಮೊದಲು ನಕ್ಕರು. ಆಮೇಲೆ ನಾಲ್ಕೈದು ದಿನ ಕೈಲಿದ್ದ ಹೊಲಿಗೆಯನ್ನೆಲ್ಲ ಒಂದೊಂದಾಗಿ ಮುಗಿಸಿದರು. ಒಂದು ಮಧ್ಯಾಹ್ನ ಹೋದರೆ, ಹೊಲಿಗೆ ಮಿಷನ್ ಯಾರಿಗಾದರೂ ಬೇಕೇ ಎಂದು ಕೇಳಿದರು.

"ಆಂಟಿ, ಹದಿನಾಲ್ಕು ವರ್ಷ ಕಾದಿದ್ದು ಇದಕ್ಕಾ?" ಎಂದೆ. ನನ್ನ ದನಿಯಲ್ಲಿ ಸಿಟ್ಟಿತ್ತು. ಅವರು ಹೋಗುವುದು ನನಗೆ ಬೇಕಿರಲಿಲ್ಲ.

"ಆಕಿ ಬರ್ಲಿ ಅಂತ ಕಾದೆ," ಎಂದರು. "ಬಂದಳಲ್ಲ."

ಹಿಮ ಬೀಳುವ ಮೊದಲೇ ಇಬ್ಬರೂ ಹೊರಟುಹೋದರು.

ಮೊದಮೊದಲು ಫೋನ್ ಮಾಡುತ್ತಿದ್ದೆ. ಆಮೇಲೆ ಯಜಮಾನರಿಗೆ ಡೆಟ್ರಾಯ್ಟ್ ಕಡೆ ಕೆಲಸ ಸಿಕ್ಕಿತು, ಮಗಳು ಹುಟ್ಟಿದಳು, ತಿಂಗಳಿಗೊಮ್ಮೆ ಇದ್ದದ್ದು ಹಬ್ಬಕ್ಕೊಮ್ಮೆ ಆಯಿತು, ಆಮೇಲೆ ಅದೂ... ಆಂಟಿ ಊರಿಗೆ ಹೋದ ಆರು ವರ್ಷದ ನಂತರ ಒಂದು ದಿನ ಅವರ ಮಗಳ ಫೋನ್ ಬಂತು. ಅವಳಿದ್ದದ್ದು ನಮ್ಮ ಮನೆಯಿಂದ ಇಪ್ಪತ್ತೇ ಮೈಲಿ ದೂರದಲ್ಲಿ. ಅಮ್ಮ ತೀರಿಹೋಗಿ ಹನ್ನೊಂದು ದಿನವಾಯಿತು ಎಂದಳು.

ಆವತ್ತೇ ಹೋದೆ. ಅವಳ ಊಟದ ಮೇಜಿನ ಎದುರುಬದುರು ಕೂತೆವು. ಅವಳು ಇಂಗ್ಲಿಷಿನಲ್ಲಿ ಕೇಳಿದಳು, ಅಮ್ಮ ಅಲ್ಲಿ ಸಂತೋಷವಾಗಿದ್ದಳಾ ಎಂದು. ಅದನ್ನೇ ಅವಳನ್ನು ಕೇಳಬೇಕೆಂದು ನಾನೂ ಹೋಗಿದ್ದೆ. ಅವಳು ಎರಡು ಸಲ ಊರಿಗೆ ಹೋಗಿದ್ದಳಂತೆ. ಎರಡು ಸಲವೂ ಅಮ್ಮ ಮಗಳಿಗೆಂದು ಅಡುಗೆ ಮಾಡುವುದರಲ್ಲೇ ಮುಳುಗಿದ್ದರಂತೆ. ಬಲ್ಲವರು ಅಕ್ಕ ಒಬ್ಬರೇ. ಅವರು ಅದರ ಹಿಂದಿನ ವರ್ಷವೇ ತೀರಿಕೊಂಡಿದ್ದರು.

ಆ ಹುಡುಗಿಗೂ ಈಗ ನಲವತ್ತು ದಾಟಿದೆ. ಆಗಾಗ ಸಿಗುತ್ತೇವೆ. ಅವಳ ಅಮ್ಮ ಕಾದ ವರ್ಷಗಳ ಬಗ್ಗೆ ಎಷ್ಟು ಬೇಕಾದರೂ ಮಾತಾಡುತ್ತೇವೆ, ಅವು ನಮ್ಮಿಬ್ಬರಿಗೂ ಚೆನ್ನಾಗಿ ಗೊತ್ತು. ಬಿಜಾಪುರದಲ್ಲಿ ಕಳೆದ ಆ ಆರು ವರ್ಷಗಳ ಹತ್ತಿರ ಬಂದಾಗ ಮಾತ್ರ ಇಬ್ಬರೂ ಸುಮ್ಮನಾಗುತ್ತೇವೆ. ಅಲ್ಲಿ ಏನಿತ್ತೋ, ಹೇಳಲು ಯಾರೂ ಉಳಿದಿಲ್ಲ.