ಕೈ ಎತ್ತಿದರೆ ನಿಲ್ಲಿಸಬೇಕು

ಮಕ್ಕಳ ಹಲ್ಲಿನ ವಿಭಾಗದಲ್ಲಿ ಆಕೆಯನ್ನು ಎಲ್ಲರೂ ಚಕ್ರ ಎಂದೇ ಕರೆಯುತ್ತಿದ್ದರು. ಹೆತ್ತವರಿಟ್ಟ ಹೆಸರು ಎದೆಯ ಮೇಲಿನ ಬಿಲ್ಲೆಯಲ್ಲಿ ಇತ್ತು, ಆದರೆ ಅದನ್ನು ಓದಿ ಮುಗಿಸುವಷ್ಟು ಹೊತ್ತು ಆಕೆ ಯಾರ ಮುಂದೆ ನಿಂತಿದ್ದಳು? ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳು. ಮಗುವಿನ ಬಾಯಿ ನೋಡುತ್ತ ಕೂತಾಗಲೂ ಬಲಗಾಲು ತನ್ನ ಪಾಡಿಗೆ ತಾನು ಕುಣಿಯುತ್ತಿತ್ತು. ಎಕ್ಸ್‌ರೇ ಬರುವ ಮೊದಲೇ ಎಕ್ಸ್‌ರೇ ಕೋಣೆಯ ಬಾಗಿಲಿಗೆ ಹೋಗಿ ಬೆರಳಲ್ಲಿ ತಾಳ ಹಾಕುತ್ತಿದ್ದಳು. ಊಟದ ಡಬ್ಬಿಯನ್ನು ನಿಂತುಕೊಂಡೇ ಖಾಲಿ ಮಾಡುತ್ತಿದ್ದಳು.

ಹಲ್ಲಿನ ಡಾಕ್ಟರಾಗಿ ಪಾಸಾಗಿ, ಬೇರೆಯವರಂತೆ ಒಂದು ಬೋರ್ಡು ನೇತುಹಾಕಿ ಕೂರುವುದು ಬಿಟ್ಟು, ಮಕ್ಕಳ ಹಲ್ಲಿಗೆಂದೇ ಇನ್ನೂ ಮೂರು ವರ್ಷ ಓದಲು ಬಂದಿದ್ದಳು. ಸಂದರ್ಶನದಲ್ಲಿ “ಯಾಕಮ್ಮ, ಮಕ್ಕಳೇ ಯಾಕೆ?” ಎಂದು ಕೇಳಿದ್ದಕ್ಕೆ, “ಅವರೂ ಒಂದು ಕಡೆ ಕೂರಲ್ಲ, ನಾನೂ ಕೂರಲ್ಲ. ಹೊಂದಿಕೊಳ್ತೀವಿ” ಎಂದಿದ್ದಳು. ಕೇಳಿದವರು ನಕ್ಕು ಸೀಟು ಕೊಟ್ಟರು. ನಗಬಾರದಿತ್ತು. ಕೂರಲಾರದ ಮಗುವಿಗೆ ಬೇಕಾದದ್ದು ಕೂರಬಲ್ಲ ಡಾಕ್ಟರು ಎನ್ನುವುದನ್ನು ಅವತ್ತೇ ಯಾರಾದರೂ ಹೇಳಿದ್ದರೆ ಆಕೆಗೆ ಎಷ್ಟೋ ಉಪಕಾರವಾಗುತ್ತಿತ್ತು.

ವಿಭಾಗದ ಮುಖ್ಯಸ್ಥೆಯನ್ನು ದೊಡ್ಡ ಮೇಡಂ ಎನ್ನುತ್ತಿದ್ದರು. ದೊಡ್ಡವರೇನಲ್ಲ, ಕುರ್ಚಿಯ ಹಿಂದೆ ನಿಂತರೆ ತಲೆ ಮಾತ್ರ ಕಾಣುತ್ತಿತ್ತು. ಅವರು ಬಾಯಿ ನೋವಾಗುವಷ್ಟು ಹೇಳಿಕೊಟ್ಟದ್ದು ಒಂದೇ ನಿಯಮ. ಕುರ್ಚಿಯಲ್ಲಿ ಮಲಗಿದ ಮಗುವಿಗೆ ಮೊದಲೇ ಹೇಳಬೇಕು: ಬೇಡ ಅನ್ನಿಸಿದರೆ ಎಡಗೈ ಎತ್ತು, ನಾನು ನಿಲ್ಲಿಸುತ್ತೇನೆ. ಮಗು ಎತ್ತಿದರೆ ನಿಲ್ಲಿಸಲೇಬೇಕು, ತಲೆಯ ಮೇಲೆ ತಲೆ ಬಿದ್ದರೂ ಸರಿ. “ಬಾಯೊಳಗೆ ಇಷ್ಟೆಲ್ಲಾ ತುರುಕಿರ್ತೀವಿ, ಅದು ಮಾತಾಡೋದು ಹೆಂಗೆ? ಅದರ ನಾಲಿಗೆ ಈಗ ಆ ಕೈಯಲ್ಲಿರುತ್ತೆ” ಎನ್ನುತ್ತಿದ್ದರು.

ಚಕ್ರ ತಲೆಯಾಡಿಸಿದ್ದಳು. ತಲೆಯಾಡಿಸುವುದರಲ್ಲೂ ಆಕೆ ಬಲು ಚುರುಕು.

ಕೊನೆಯ ವರ್ಷದ ಪರೀಕ್ಷೆಗೆ ಪ್ರತಿಯೊಬ್ಬರೂ ಒಂದು ಮಗುವನ್ನು ಆರಿಸಿಕೊಳ್ಳಬೇಕು. ಹೊರಗಿನಿಂದ ಬಂದ ಪರೀಕ್ಷಕರ ಕಣ್ಣೆದುರಿಗೇ ಆ ಮಗುವಿನ ಹುಳುಕು ಹಲ್ಲಿಗೆ ಸ್ಟೀಲಿನ ಟೋಪಿ ಕೂರಿಸಿ ತೋರಿಸಬೇಕು. ಹಲ್ಲನ್ನು ಕೊರೆದು ಒಳಗಿನದನ್ನು ತೆಗೆದು ಔಷಧಿ ತುಂಬುವ ಕೆಲಸವೆಲ್ಲ ಮೊದಲೇ ಆಗಿರುತ್ತದೆ. ಚಕ್ರ ಆರಿಸಿದ್ದು ಒಂದನೇ ತರಗತಿಯ ಹುಡುಗಿಯೊಬ್ಬಳನ್ನು. ತಾತನ ಕೈ ಹಿಡಿದು ಬರುತ್ತಿದ್ದ ಆ ಪುಟಾಣಿ ಕುರ್ಚಿ ಏರಿದ ತಕ್ಷಣ ಕೋಟೆ ಬಾಗಿಲಿನಂತೆ ಬಾಯಿ ತೆರೆಯುತ್ತಿದ್ದಳು. “ಡಾಕ್ಟ್ರಕ್ಕಾ, ಇದೇನು? ಅದ್ಯಾಕೆ ನೀರು ಉಗುಳುತ್ತೆ? ನಿಮ್ಮ ಹಲ್ಲು ಯಾರು ನೋಡ್ತಾರೆ?” ಎಂದು ಪ್ರಶ್ನೆಯ ಮೇಲೆ ಪ್ರಶ್ನೆ. ಇಂಥ ಮಗು ಸಿಕ್ಕಿದ್ದಕ್ಕೆ ಜೊತೆಯ ವಿದ್ಯಾರ್ಥಿಗಳು ಒಳಗೊಳಗೇ ಕರುಬಿದರು.

ಹಲ್ಲು ಕೊರೆದ ದಿನ ಎಲ್ಲವೂ ನೀರು ಕುಡಿದಷ್ಟು ಸಲೀಸಾಗಿ ನಡೆದಿತ್ತು. ಕೊನೆಗೆ ಮೂಲೆಯಲ್ಲೊಂದು ಚೂರು ಹುಳುಕು ಉಳಿದಿತ್ತು, ಅಷ್ಟೇ. ಆಗ ಹುಡುಗಿಯ ಎಡಗೈ ಮೇಲೆದ್ದಿತು.

ಚಕ್ರ ಕೈಯನ್ನು ನೋಡಿದಳು. ನೋಡಲಿಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. “ಮುಗೀತು ಪುಟ್ಟಾ, ಮುಗೀತು, ಇನ್ನೊಂದೇ ಒಂದು ಚೂರು” ಎನ್ನುತ್ತ ಯಂತ್ರ ಬಿಡದೆ ಆ ಚೂರನ್ನೂ ಕೆರೆದು ತೆಗೆದಳು. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದೇ ಹೋಯಿತು. ಹುಡುಗಿ ಅಳಲಿಲ್ಲ, ಕೂಗಲಿಲ್ಲ. ಎತ್ತಿದ ಕೈಯನ್ನು ತಾನೇ ಒಮ್ಮೆ ನೋಡಿಕೊಂಡು ಮೆಲ್ಲಗೆ ಇಳಿಸಿದಳು.

“ನಮ್ಮ ಬಂಗಾರ ನೋಡಿ, ಒಂದು ತೊಟ್ಟು ಕಣ್ಣೀರಿಲ್ಲ!” ಎಂದು ತಾತ ಹಿಗ್ಗಿಹೋದ.

ಮುಂದಿನ ಸಲ ಬಂದಾಗ ಬಂಗಾರದ ಬಾಯಿ ಮುಚ್ಚಿತ್ತು. ಕುರ್ಚಿ ಏರಿದಳು, ಮಲಗಿದಳು, ಬಾಯಿ ಮಾತ್ರ ಜಪ್ಪಯ್ಯ ಅಂದರೂ ತೆರೆಯಲಿಲ್ಲ. ತಾತ ಪುಸಲಾಯಿಸಿದ, ಗದರಿದ, ಆಟದ ಸಾಮಾನಿನ ಆಸೆ ತೋರಿಸಿದ. ಪಕ್ಕದ ಕುರ್ಚಿಯ ವಿದ್ಯಾರ್ಥಿ ಕೈಗೊಂಬೆ ಹಾಕಿಕೊಂಡು ಕೋಡಂಗಿಯಂತೆ ಕುಣಿದ. ಹುಡುಗಿ ಗೊಂಬೆ ನೋಡಿ ನಕ್ಕಳು, ಅದೂ ತುಟಿ ಬಿಡದೆ. ಅದರ ಮುಂದಿನ ಸಲವೂ ಅದೇ ಕಥೆ. ಅಷ್ಟರಲ್ಲಿ ವಿಭಾಗದವರು ಹುಡುಗಿಗೆ ಬೀಗ ಎಂದು ಹೆಸರಿಟ್ಟಾಗಿತ್ತು.

“ಏನು ಮಾಡಿದೆ ಆ ಮಗುಗೆ?” ದೊಡ್ಡ ಮೇಡಂ ಕೇಳಿದರು.

“ಏನೂ ಇಲ್ಲ ಮೇಡಂ. ಮೂಡು ಕೆಟ್ಟಿರಬೇಕು.”

“ಹೂಂ. ಪರೀಕ್ಷೆ ಹತ್ತಿರ ಬಂತು, ಬೇರೆ ಮಗು ತಗೋ. ಇದನ್ನ ಆಪರೇಷನ್ ಕೋಣೆಯಲ್ಲಿ ಮಲಗಿಸಿ, ಎಚ್ಚರ ತಪ್ಪಿಸಿ ಮುಗಿಸೋಣ.”

ದಾರಿ ಸಲೀಸಾಗಿಯೇ ಇತ್ತು. ಹೇಳಿದಂತೆ ಕೇಳುವ ಇನ್ನೊಂದು ಮಗು ಕೂಡ ಸಿದ್ಧವಿತ್ತು. ಆದರೆ ಚಕ್ರಳಿಗೆ ಒಂದು ಕಡೆ ನಿಂತರೆ ನಿಲ್ಲಲಾಗದು, ಕೂತರೆ ಕೂರಲಾಗದು. ಮನೆಗೆ ಬಂದು ಚಪ್ಪಲಿ ಬಿಡದೆಯೇ ಹಜಾರದ ಉದ್ದಗಲ ಅಳೆಯತೊಡಗಿದಳು. ಆಕೆಯ ಅಮ್ಮ ಟೈಲರು. ಮನೆಯ ಮುಂದಿನ ಕೋಣೆಯೇ ಅಂಗಡಿ. ಯಾರದೋ ಕೋಟಿನ ತೋಳು ಬಿಚ್ಚುತ್ತ ಕೂತಿದ್ದ ಅಮ್ಮ ತಲೆ ಎತ್ತದೆಯೇ ಹೇಳಿದಳು, “ನೆಲ ಸವೆಯುತ್ತೆ ಕಣೇ. ಕೂತ್ಕೊಂಡು ಯೋಚ್ನೆ ಮಾಡಿದ್ರೆ ತಲೆ ಕೆಲಸ ಮಾಡಲ್ವಾ?”

“ಬೇರೆ ಮಗು ತಗೋ ಅಂತಾರಮ್ಮ.”

“ತಗೋ ಮತ್ತೆ. ಮಕ್ಕಳಿಗೇನು ಬರವಾ? ನೀನು ಪಾಸಾಗ್ತೀಯ ಅಂತ ನಾನು ಬೀದಿಗೆಲ್ಲ ಹೇಳ್ಕೊಂಡು ಕೂತಿದೀನಿ.”

“ಅವಳು ಕೈ ಎತ್ತಿದ್ಲು, ನಾನು ನಿಲ್ಲಿಸ್ಲಿಲ್ಲ.”

ಹೊಲಿಗೆ ಬಿಚ್ಚುತ್ತಿದ್ದ ಕೈ ನಿಂತಿತು. “ಯಾಕೆ?”

“ಚೂರೇ ಚೂರು ಇತ್ತಮ್ಮ! ನಿಲ್ಲಿಸಿ ಮತ್ತೆ ಶುರು ಮಾಡೋಕೆ…” ಎಂದು ಅರ್ಧಕ್ಕೇ ಬಿಟ್ಟು ಮತ್ತೆ ಹಜಾರ ಅಳೆದಳು. ಆ ಮಗು ಎಚ್ಚರ ತಪ್ಪಿದಾಗ ಹಲ್ಲಿಗೆ ಟೋಪಿ ಬರುತ್ತದೆ, ಸರಿ. ಎಚ್ಚರವಾದ ಮೇಲೆ? ನಾಳೆ ಇನ್ನೊಂದು ಹಲ್ಲು, ನಾಡಿದ್ದು ಗಂಟಲು, ಕಿವಿ, ಕಣ್ಣು. ಬಿಳಿ ಕೋಟು ಹಾಕಿದ ಯಾರೇ ಬಂದು ಏನೇ ಮಾತು ಕೊಟ್ಟರೂ ಅದು ಬಾಯಿ ಮುಚ್ಚಿಕೊಂಡೇ ಮಲಗುತ್ತದೆ. ಆ ಬಾಯಿಗೆ ಬೀಗ ಜಡಿದವಳು ತಾನು. ಚಕ್ರಳಿಗೆ ನಾಚಿಕೆಯಾಯಿತು, ಅದರ ಹಿಂದೆಯೇ ಭಯವಾಯಿತು.

ಮರುದಿನ ಚಕ್ರ ದೊಡ್ಡ ಮೇಡಂ ಮುಂದೆ ನಿಂತು ನಡೆದದ್ದನ್ನು ಇದ್ದದ್ದು ಇದ್ದ ಹಾಗೆ ಹೇಳಿದಳು. ಮೇಡಂ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. “ಬೇರೆ ಮಗು ಬೇಡ ಮೇಡಂ, ಇವಳೇ ಇರಲಿ” ಎಂದಾಗ ಮಾತ್ರ, “ಫೇಲಾದ್ರೆ ನನ್ನ ಹತ್ರ ಬಂದು ಅಳಬೇಡ” ಎಂದರು.

ತಾತನಿಗೆ ಹೇಳಿಕಳಿಸಿ ಹುಡುಗಿಯನ್ನು ಕರೆಸಿದಳು. ಬೀಗ ಬಂದಾಗ ಕುರ್ಚಿ ಖಾಲಿ ಇರಲಿಲ್ಲ. ಚಕ್ರಳೇ ಅದರಲ್ಲಿ ಮಲಗಿದ್ದಳು, ಎದೆಗೆ ಮಕ್ಕಳ ಏಪ್ರನ್ನು ಕಟ್ಟಿಕೊಂಡು, ಕಾಲು ಅರ್ಧ ಹೊರಗೆ ಚಾಚಿಕೊಂಡು.

“ಇವತ್ತು ನೀನು ಡಾಕ್ಟ್ರಕ್ಕ. ಕನ್ನಡಿ ತಗೋ, ನನ್ನ ಹಲ್ಲು ಎಣಿಸು. ನಾನು ಕೈ ಎತ್ತಿದ್ರೆ ನಿಲ್ಲಿಸ್ಬೇಕು, ಆಯ್ತಾ?”

ಹುಡುಗಿ ಸ್ಟೂಲು ಹತ್ತಿದಳು. ಗಂಭೀರವಾಗಿ ಕನ್ನಡಿ ಹಿಡಿದು ಬಾಯೊಳಗೆ ಇಳಿಸಿದಳು. ಕನ್ನಡಿಯ ಅಂಚು ಹಿಂದಿನ ವಸಡಿಗೆ ಒತ್ತಿದಾಗ ಚಕ್ರ ಎಡಗೈ ಎತ್ತಿದಳು. ಹುಡುಗಿ ಆ ಕೈಯನ್ನು ನೋಡಿದಳು. ನೋಡಿ, ಇನ್ನೂ ಜೋರಾಗಿ ಒತ್ತಿದಳು.

“ಮುಗೀತು ಪುಟ್ಟಾ, ಮುಗೀತು” ಎಂದಳು ಹುಡುಗಿ. “ಇನ್ನೊಂದೇ ಒಂದು ಚೂರು.”

ಅದೇ ಮಾತು, ಅದೇ ರಾಗ. ಚಕ್ರಳ ಕಣ್ಣಲ್ಲಿ ನೀರು ಬಂತು, ಅದು ವಸಡಿನ ನೋವಿಗೋ ಇನ್ನೇತಕ್ಕೋ. ಕೈ ಮೇಲೇ ಇತ್ತು. ಬಲಗಾಲು ಕುಣಿಯುವುದನ್ನು ಮರೆತಿತ್ತು. ತಾತ “ಏಯ್, ಬಿಡೇ!” ಎಂದು ಓಡಿಬಂದ. ದೊಡ್ಡ ಮೇಡಂ ಎಲ್ಲಿದ್ದರೋ, ಅವನ ತೋಳು ಹಿಡಿದು ನಿಲ್ಲಿಸಿದರು. ಹುಡುಗಿಗೇ ಸಾಕೆನಿಸಿದಾಗ ಕನ್ನಡಿ ತೆಗೆದಳು.

“ನೋವಾಯ್ತಾ?”

“ಆಯ್ತು.”

“ನಂಗೂ ಆಗಿತ್ತು.”

“ಗೊತ್ತು. ತಪ್ಪು ನಂದೇ. ಇನ್ಮೇಲೆ ನಿಲ್ಲಿಸ್ತೀನಿ.”

ಹುಡುಗಿ ನಂಬಿದಂತೆ ಕಾಣಲಿಲ್ಲ. ಆದರೆ “ನಿಮ್ಮ ಹಲ್ಲು ಒಂದು ಸೊಟ್ಟಗಿದೆ” ಎಂದಳು. ಎಷ್ಟೋ ದಿನದ ಮೇಲೆ ಹುಡುಗಿ ಮೊದಲಿನಂತೆ ಮಾತಾಡಿದ್ದು ಹೀಗೆ.

ಪರೀಕ್ಷೆಯ ದಿನ ಹೊರಗಿನಿಂದ ಬಂದ ಪರೀಕ್ಷಕರು ನಿಮಿಷಕ್ಕೊಮ್ಮೆ ಕೈಗಡಿಯಾರ ನೋಡಿಕೊಳ್ಳುವ ಮನುಷ್ಯ. ಬೀಗ ಬಾಯಿ ತೆರೆದಳು. ಚಕ್ರ ಇನ್ನೇನು ಉಪಕರಣ ಎತ್ತಬೇಕು, ಎಡಗೈ ಮೇಲೆದ್ದಿತು. ನಿಲ್ಲಿಸಿದಳು. ಕೈ ಇಳಿಯಿತು. ಹಲ್ಲಿನ ಬದಿ ಸವರಲು ಶುರು ಮಾಡಿದಳು, ಮತ್ತೆ ಕೈ. ನಿಲ್ಲಿಸಿದಳು. ಹತ್ತಿ ಇಟ್ಟರೆ ಕೈ, ಗಾಳಿ ಊದಿದರೆ ಕೈ, ಏನೂ ಮಾಡದಿದ್ದರೂ ಕೈ. ಪಕ್ಕದ ಕುರ್ಚಿಗಳಲ್ಲಿ ಟೋಪಿಗಳು ಕೂತು, ಮಕ್ಕಳು ಇಳಿದು, ಬಲೂನು ಹಿಡಿದು ಹೊರಟೇಹೋದರು. ಚಕ್ರಳ ಮೈಯ ನರನರವೂ ಓಡು ಓಡು ಎನ್ನುತ್ತಿತ್ತು.

ಅಂತೂ ಇಂತೂ ಟೋಪಿಯ ಅಳತೆ ಸರಿಹೋಯಿತು. ಸಿಮೆಂಟು ಕಲಸಿ, ಟೋಪಿಯೊಳಗೆ ತುಂಬಿ, ಹಲ್ಲಿನ ಮೇಲಿಟ್ಟಳು. ಇನ್ನು ಹೆಬ್ಬೆರಳಲ್ಲಿ ಒಂದು ಸಲ ಒತ್ತಿದರೆ ಆಯಿತು. ಮೂರು ವರ್ಷದ ಓದು ಆ ಒಂದು ಒತ್ತಿನಲ್ಲಿತ್ತು.

ಎಡಗೈ ಮೇಲೆದ್ದಿತು.

“ಒತ್ತಿ ಡಾಕ್ಟ್ರೇ, ಒತ್ತಿ!” ಪರೀಕ್ಷಕರು ಹಿಂದಿನಿಂದ ಸಿಡುಕಿದರು. “ಸಿಮೆಂಟು ಗಟ್ಟಿಯಾಗುತ್ತೆ, ಹೊತ್ತು ಬೇರೆ ಮುಗೀತು!”

ಒತ್ತಬಹುದಿತ್ತು. ಹುಡುಗಿಯ ಕಣ್ಣಲ್ಲಿ ನೋವಿರಲಿಲ್ಲ, ಅದು ಚಕ್ರಳಿಗೂ ಕಾಣುತ್ತಿತ್ತು. ಚೂರೇ ಚೂರು. ಆಕೆ ಟೋಪಿಯನ್ನು ಹೊರಗೆ ತೆಗೆದು ತಟ್ಟೆಯಲ್ಲಿಟ್ಟಳು. ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ತಟ್ಟೆಯಲ್ಲಿ ಸಿಮೆಂಟು ಕಲ್ಲಾಗುವವರೆಗೂ ಆ ಪುಟ್ಟ ಕೈ ಮೇಲೇ ಇತ್ತು. ಪರೀಕ್ಷಕರು ಏನೋ ಗೊಣಗಿ ಮುಂದಿನ ಕೋಣೆಗೆ ನಡೆದರು.

ಆಮೇಲೆ ಕೈ ಇಳಿಯಿತು. “ಈಗ ಹಾಕಿ” ಎಂದಳು ಬೀಗ.

ಟೋಪಿ ತೊಳೆದು, ಹೊಸದಾಗಿ ಸಿಮೆಂಟು ಕಲಸಿ ಕೂರಿಸಿದಳು. ಈ ಸಲ ಕೈ ಹೊಟ್ಟೆಯ ಮೇಲಿಂದ ಅಲುಗಲೇ ಇಲ್ಲ. ನೋಡಲು ಅಲ್ಲಿ ದೊಡ್ಡ ಮೇಡಂ ಒಬ್ಬರನ್ನು ಬಿಟ್ಟರೆ ಯಾರೂ ಇರಲಿಲ್ಲ, ಅವರ ಅಂಕ ಲೆಕ್ಕಕ್ಕೆ ಬರುತ್ತಿರಲಿಲ್ಲ.

ಚಕ್ರ ಫೇಲಾದಳು. ಅದನ್ನು ಆಕೆ ದೊಡ್ಡ ಮನಸ್ಸಿನಿಂದ ನುಂಗಿಕೊಂಡಳು ಎಂದೇನೂ ತಿಳಿಯಬೇಡಿ. ಅಮ್ಮನ ಮೇಲೆ ಹರಿಹಾಯ್ದಳು, ಊಟದ ತಟ್ಟೆ ಸರಿಸಿದಳು, ಪರೀಕ್ಷಕರ ವಂಶವನ್ನೇ ಜಾಲಾಡಿದಳು. ಬೇಡ ಬೇಡ ಎಂದರೂ ದೊಡ್ಡ ಮೇಡಂ ಬಳಿ ಹೋಗಿ ಅತ್ತಳು. ಮೇಡಂ ತಮ್ಮ ಕರವಸ್ತ್ರ ಕೊಟ್ಟು, ಮುಂದಿನ ಪರೀಕ್ಷೆಗೆ ಇನ್ನೂ ಆರು ತಿಂಗಳಿದೆ, ಅಲ್ಲಿಯವರೆಗೆ ಬೆಳಗಿನ ಪಾಳಿಗೆ ಬಾ ಎಂದರು.

ಹಾಗೆ ಒಂದು ಬೆಳಿಗ್ಗೆ ಮುಂದಿನ ಮಗುವನ್ನು ಕರೆಯಲೆಂದು ಹೊರಬಂದವಳು ಬಾಗಿಲಲ್ಲೇ ನಿಂತಳು. ಕಾಯುವ ಬೆಂಚಿನಲ್ಲಿ ಹೊಸ ಹುಡುಗನೊಬ್ಬ ಅಮ್ಮನ ಸೆರಗಿನಲ್ಲಿ ಮುಖ ಹುದುಗಿಸಿ ಆಸ್ಪತ್ರೆ ಹಾರಿಹೋಗುವಂತೆ ಅಳುತ್ತಿದ್ದ. ಪಕ್ಕದಲ್ಲಿ, ಹಲ್ಲು ತೋರಿಸಿಕೊಂಡು ಹೋಗಲು ತಾತನ ಜೊತೆ ಬಂದಿದ್ದ ಬೀಗ. ಸ್ಟೀಲಿನ ಟೋಪಿ ಕಾಣುವಂತೆ ಬಾಯಿ ಅಗಲಿಸಿ ಅವನಿಗೆ ತೋರಿಸುತ್ತಿದ್ದಳು.

“ಅಳಬೇಡ್ವೋ. ಬೇಡ ಅನ್ಸಿದ್ರೆ ಈ ಕೈ ಎತ್ತು, ಡಾಕ್ಟ್ರಕ್ಕ ನಿಲ್ಲಿಸ್ತಾರೆ.”

ಹುಡುಗ ಬಿಕ್ಕುತ್ತಲೇ ಕೇಳಿದ, “ನಿಜವಾಗ್ಲೂ?”

“ನಿಜವಾಗ್ಲೂ. ನಾನೇ ಪರೀಕ್ಷೆ ಮಾಡಿದೀನಿ” ಎಂದಳು ಬೀಗ. “ಪಾಸು.”