ಎರಡು ನಳಿಗೆ, ಎರಡು ಡಬ್ಬ

ಮಗಳು ಉಗುರುಬಣ್ಣ ಒರೆಸುವ ಸೀಸೆ ತೆರೆದಾಗಲೆಲ್ಲ ನಾನು ಕಿಟಕಿ ತೆಗೆಯಲು ಓಡುತ್ತೇನೆ. ಅವಳಿಗೆ ಅದು ಅಮ್ಮನ ಎಂದಿನ ಗಾಬರಿ. ಬೀಗ ಎಳೆದು ನೋಡಿ, ಗೇಟಿನವರೆಗೆ ಹೋಗಿ, ಮತ್ತೆ ಬಂದು ಎಳೆಯುವ ಜಾತಿ ನನ್ನದು. ಆದರೆ ಕಿಟಕಿ ತೆಗೆದ ಮೇಲೂ ನಾನು ಆ ವಾಸನೆಯ ಹತ್ತಿರವೇ ಸುಳಿದಾಡುತ್ತಿರುತ್ತೇನೆ. ಸಿಹಿಯಾಗಿ, ತಣ್ಣಗೆ, ಮೂಗಿನ ಬುಡದಲ್ಲಿ ಚುರ್ ಎನ್ನುವ ವಾಸನೆ. ಚಾಮುಂಡಿಪುರಂನ ನಮ್ಮ ಮನೆಯ ನಡುಕೋಣೆಯಲ್ಲಿ ತಾತ ಕೋವಿಮದ್ದಿನ ಡಬ್ಬದ ಮುಚ್ಚಳ ಎತ್ತಿದಾಗ ಬರುತ್ತಿದ್ದದ್ದು ಇದೇ. ನನ್ನ ಬಾಲ್ಯಕ್ಕೆ ಮಲ್ಲಿಗೆಯ ವಾಸನೆ ಇದ್ದಿದ್ದರೆ ಹೇಳಿಕೊಳ್ಳಲು ಚೆನ್ನಾಗಿರುತ್ತಿತ್ತು.

ತಾತ ಅರಮನೆಯ ಕೋವಿಖಾನೆಯಲ್ಲಿ ಗುಮಾಸ್ತರಾಗಿದ್ದವರು. ಈರುಳ್ಳಿಯೂ ಹೊಸಿಲು ದಾಟದ ಮನೆಯಲ್ಲಿ ಕಾಡುಕೋಣ ಕೆಡವುವ ತೋಟಾಗಳು ತಯಾರಾಗುತ್ತಿದ್ದವು. ತೊಂಬತ್ತರ ದಶಕದ ಹೊತ್ತಿಗೆ ಬೇಟೆ ನಿಂತು ಎಷ್ಟೋ ಕಾಲವಾಗಿತ್ತು. ಆದರೂ ಹಳೆಯ ಮನೆತನಗಳಲ್ಲಿ ಲೈಸೆನ್ಸಿನ ದೊಡ್ಡ ಕೋವಿಗಳು ಉಳಿದಿದ್ದವು. ಅವಕ್ಕೆ ಹಿಂದೆ ಸೀಮೆಯಿಂದ, ಹಡಗಿನಲ್ಲಿ ಬರುತ್ತಿದ್ದ ತೋಟಾ ಮಾತ್ರ ಈಗ ಸಿಗುತ್ತಿರಲಿಲ್ಲ. ಹಾಗಾಗಿ ಹಳೆಯ ಹಿತ್ತಾಳೆ ಕೊಳವೆಗೇ ಮದ್ದು ತೂಗಿ ಹಾಕಿ, ಮೇಲೆ ಗುಂಡು ಒತ್ತಿ ಕೈಯಿಂದ ಕಟ್ಟಬೇಕಿತ್ತು. ತಾತ ಸ್ನಾನ ಮಾಡಿ, ಮಡಿಯುಟ್ಟು, ಚಿನ್ನ ತೂಗುವ ತಕ್ಕಡಿಯ ಮುಂದೆ ಕೂತರೆಂದರೆ ಮನೆಯಲ್ಲಿ ಯಾರೂ ಮಾತಾಡುವಂತಿಲ್ಲ. ಕುಕ್ಕರ್ ಕೂಡ ಕೂಗುವಂತಿಲ್ಲ. ನಾನು ಬಾಗಿಲ ಬಳಿ ಬಕೆಟ್ಟು ತುಂಬ ನೀರು ಹಿಡಿದು ನಿಂತಿರುತ್ತಿದ್ದೆ. ಯಾರೂ ಹೇಳಿರಲಿಲ್ಲ. ಹತ್ತು ವರ್ಷದವಳಿಗೇ ನನಗೆ ಆ ಬುದ್ಧಿ.

ಆ ವರ್ಷ ಬಂದದ್ದು ಶಿವಲಿಂಗಪ್ಪ ವಕೀಲರ ತಂದೆಯ ಕಾಲದ ಜೋಡಿನಳಿಗೆ ಕೋವಿ. ಅದರ ಸಂಕಟ ವಿಚಿತ್ರವಾದದ್ದು. ಎರಡು ನಳಿಗೆಗಳ ಗುಂಡೂ ಒಂದೇ ಕಡೆ ಬೀಳುವಂತೆ ಅದನ್ನು ಮಾಡಿದವರು ಯಾವುದೋ ಒಂದೇ ಮದ್ದು, ಒಂದೇ ಗುಂಡಿಗೆ ಹೊಂದಿಸಿದ್ದರು. ಗುಂಡು ನಿಧಾನವಾದರೆ ಎಡದ್ದು ಎಡಕ್ಕೆ, ಬಲದ್ದು ಬಲಕ್ಕೆ ಸಿಡಿಯುತ್ತದೆ. ಚುರುಕಾದರೆ ಒಂದನ್ನೊಂದು ದಾಟಿಹೋಗುತ್ತವೆ. ಆ ಮದ್ದು-ಗುಂಡಿನ ಜೋಡಿ ಯಾವುದೆಂದು ಈಗ ಹೇಳುವವರಿಲ್ಲ. ವಕೀಲರು ನೇರವಾಗಿ ಹೇಳಿದ್ದರು: "ಈ ತಿಂಗಳೊಳಗೆ ಎರಡೂ ಒಂದೇ ಕಡೆ ಹೊಡೆದ್ರೆ ಮನೇಲಿ ಇಟ್ಕೋತೀನಿ. ಇಲ್ದಿದ್ರೆ ಸರ್ಕಾರಕ್ಕೆ ಒಪ್ಪಿಸಿಬುಡ್ತೀನಿ, ತುಂಡು ಮಾಡ್ಕೊಳ್ಲಿ." ತಾತ ಅರಮನೆಯಲ್ಲಿ ನೋಡಿಕೊಂಡಿದ್ದ ದೊಡ್ಡ ಕೋವಿಗಳೆಲ್ಲ ಹೋಗಿ, ಕೈಗೆ ಸಿಕ್ಕಿದ್ದ ಕೊನೆಯದು ಇದೇ.

ಕೋವಿ ಹೊಡೆಯುವವರು ಉದಯಗಿರಿಯ ಗಫೂರ್ ಮೇಸ್ತ್ರಿ. ಇಬ್ಬರೂ ಅರಮನೆಯ ಕಾಲದ ಸ್ನೇಹಿತರು, ಅಂದಿನಿಂದಲೂ ಜಗಳ. ಮೇಸ್ತ್ರಿಗೆ ಭಾರದ ಗುಂಡೇ ಬೇಕು. ತಾತನಿಗೆ ಹಗುರದ್ದು.

"ನಿನ್ನ ಗುಂಡು ಲದ್ದಿ ಕಣಯ್ಯ. ಅದು ನಳಿಗೆ ದಾಟೋ ಹೊತ್ತಿಗೆ ಕೋವಿ ಎಗರಿ ಆಗಿರುತ್ತೆ."

"ಸಾಮಿ, ನಿಮ್ ಲೆಕ್ಕ ಕಾಗ್ದದ ಮೇಲೆ ಬಲು ಚೆನ್ನಾಗೈತೆ. ಕೋವಿಗೆ ಓದಕ್ ಬರಲ್ಲ."

ಊರಾಚೆಯ ಫೈರಿಂಗ್ ರೇಂಜಿನಲ್ಲಿ ಅನುಮತಿ ಪಡೆದು ಮೊದಲ ಭಾನುವಾರ ಮೇಸ್ತ್ರಿಯ ಭಾರದ ಗುಂಡು ಹೊಡೆದರು. ನಾನು ಕಿವಿಗೆ ಹತ್ತಿ ತುರುಕಿ, ಹತ್ತಿಯ ಮೇಲೆ ಕೈಯಿಟ್ಟು, ಕಣ್ಣನ್ನೂ ಮುಚ್ಚಿದ್ದೆ. ಸದ್ದು ಕಿವಿಗಲ್ಲ, ಹೊಟ್ಟೆಗೆ ಕೇಳಿಸಿತು. ಹಲಗೆಯ ಮೇಲೆ ಎರಡು ತೂತುಗಳ ನಡುವೆ ಒಂದು ಗೇಣು. ಎರಡನೆಯ ಭಾನುವಾರ ತಾತನ ಹಗುರ ಗುಂಡು: ಮೂರು ಬೆರಳು. ನಾನು ಹಲಗೆಗೆ ಬೆರಳಿಟ್ಟು ಮತ್ತೆ ಮತ್ತೆ ಅಳೆದೆ. ತಾತ ಎಳೆಹುಡುಗನಂತೆ ಪಂಚೆ ಎತ್ತಿ ಕಟ್ಟಿ ಓಡಿ ಬಂದಿದ್ದರು. ಇನ್ನು ಮದ್ದು ಒಂದು ಚಿಟಿಕೆ ಏರಿಸಿದರೆ ಮೂರು ಬೆರಳೂ ಮುಚ್ಚಿಹೋಗುತ್ತದೆ ಎಂದು ಮೇಸ್ತ್ರಿಯೇ ಒಪ್ಪಿದರು. ಆ ವಾರ ನಮ್ಮ ಮನೆಯಲ್ಲಿ ಯಾರಿಗೂ ಕಾಲು ನೆಲದ ಮೇಲಿರಲಿಲ್ಲ. ಶಾಲೆಯಲ್ಲಿ ನಾನು ಭೂಗೋಳದ ಪುಸ್ತಕದ ತುಂಬ ಜೋಡಿ ಚುಕ್ಕಿ ಇಟ್ಟೆ, ಒಂದಕ್ಕೊಂದು ತಾಗುವಂತೆ.

ಮದ್ದಿನಲ್ಲಿ ಎರಡು ಬಗೆ. ತಾತ ಒಲೆಯ ಮಾತಲ್ಲಿ ಹೇಳಿಕೊಟ್ಟಿದ್ದರು: ಒಂದು ತೆಂಗಿನಗರಿ, ಭಗ್ ಎಂದು ಉರಿದುಹೋಗುವಂಥದ್ದು, ಸಣ್ಣ ಕೋವಿಗೆ, ಇನ್ನೊಂದು ಹುಣಸೆಕೊರಡು, ನಿಂತು ಉರಿಯುವಂಥದ್ದು, ದೊಡ್ಡದಕ್ಕೆ. ಕೊರಡಿನ ಅಳತೆಗೆ ಗರಿ ತುಂಬಿದರೆ ಕೋವಿಯೇ ಸಿಡಿಯುತ್ತದೆ, ಹೊಡೆದವನ ಮುಖದ ಮುಂದೆ, ಬೆರಳುಗಳನ್ನೂ ಒಯ್ಯುತ್ತದೆ. ನೋಡಲು ಎರಡೂ ಒಂದೇ, ಕಡ್ಡಿಚೂರಿನಂಥ ಬೂದುಹರಳು. ಬಯಲಲ್ಲಿ ಚಿಟಿಕೆ ಉರಿಸಿ ನೋಡಿದರೂ ತಿಳಿಯುವುದಿಲ್ಲ, ನಳಿಗೆಯೊಳಗೆ ಒತ್ತಿ ಕೂತಾಗಲೇ ಅವುಗಳ ಗುಣ ಬೇರೆಯಾಗುವುದು. ಅವುಗಳ ಮೂಲ ಡಬ್ಬಗಳು ತುಕ್ಕು ಹಿಡಿದಿದ್ದರಿಂದ ತಾತ ಎರಡು ಕಾಫಿಪುಡಿ ಡಬ್ಬಗಳಿಗೆ ಸುರಿದಿಟ್ಟು, ಚೀಟಿ ಬರೆಯುವ ಕೆಲಸ ನನಗೆ ಕೊಟ್ಟಿದ್ದರು. "ಪೆನ್ಸಿಲ್ಲಲ್ಲೇ ಬರಿ, ಪುಟ್ಟಿ." ನನಗೆ ಆಗಷ್ಟೇ ಹೊಸ ಇಂಕ್ ಪೆನ್ನು ಬಂದಿತ್ತು.

ಮೂರನೆಯ ಭಾನುವಾರಕ್ಕೆ ಎರಡು ದಿನ ಮುಂಚೆ ಗ್ರಹಣ. ಅಜ್ಜಿ ಉಪ್ಪಿನಕಾಯಿಯಿಂದ ಹಿಡಿದು ಮನೆಯಲ್ಲಿದ್ದ ಡಬ್ಬಕ್ಕೆಲ್ಲ ದರ್ಭೆ ಹಾಕಿದರು, ಮದ್ದಿನ ಡಬ್ಬಗಳ ಮೇಲೂ. ಗ್ರಹಣ ಬಿಟ್ಟ ಮೇಲೆ ಎಲ್ಲವನ್ನೂ ಬಾವಿಕಟ್ಟೆಗೆ ಒಯ್ದು, ಮುಚ್ಚಳ ಬಿಗಿಮಾಡಿ, ಹೊರಗೆಲ್ಲ ಚೆನ್ನಾಗಿ ಉಜ್ಜಿ ತೊಳೆದರು. ತಾತ ಬಂದು ನೋಡುವಾಗ ಎರಡು ಡಬ್ಬ ಹೊಳೆಯುತ್ತ ಕೂತಿದ್ದವು. ಚೀಟಿಗಳ ಮೇಲೆ ಅಕ್ಷರವೆಲ್ಲ ಕರಗಿ ಬರೀ ನೀಲಿ.

"ಗ್ರಹಣ ಅಂದ್ರೆ ಎಲ್ಲಾ ಡಬ್ಬಕ್ಕೂ ಗ್ರಹಣವೇ ಕಣ್ರೀ. ಮದ್ದೇನು ಬೇರೆ ಲೋಕದಿಂದ ಬಂದಿದ್ಯಾ?" ಎಂದ ಅಜ್ಜಿ, ತಾತನ ಮುಖ ನೋಡಿ ಸೆರಗಿನಿಂದ ಡಬ್ಬ ಒರೆಸತೊಡಗಿದರು.

ಶನಿವಾರ ಮೇಸ್ತ್ರಿ ಬಂದರು. ಬೇರೆ ಮದ್ದು ತರಿಸಲು ತಿಂಗಳುಗಟ್ಟಲೆ ಬೇಕು. ವಕೀಲರ ಗಡುವಿಗೆ ಉಳಿದಿದ್ದದ್ದು ನಾಳೆಯೊಂದೇ. ತಾತ ನನ್ನನ್ನು ಕರೆದು ಎರಡು ಡಬ್ಬಗಳ ನಡುವೆ ಕೂರಿಸಿಕೊಂಡರು. "ನೀನೇ ಅಂಟಿಸಿದ್ದಲ್ವಾ. ನಿಧಾನದ್ದು ಯಾವುದು?"

ಮುಚ್ಚಳ ನೆಗ್ಗಿದ್ದ ಡಬ್ಬದ ಮೇಲೆ ನಾನು ಬೆರಳಿಟ್ಟೆ. ಅದೇ ಎಂದು ನನಗೆ ಗೊತ್ತಿತ್ತು. ಬರೆಯುವಾಗ ಚೀಟಿ ಆ ನೆಗ್ಗಿನ ಕೆಳಗೇ ಓರೆಯಾಗಿ ಕೂತದ್ದು ಕಣ್ಣಿಗೆ ಕಟ್ಟಿದಂತಿತ್ತು.

ಗಫೂರ್ ಮೇಸ್ತ್ರಿ ಯೋಚಿಸಲೇ ಇಲ್ಲ. "ಮಗು ಹೇಳ್ತಲ್ಲ ಸಾಮಿ, ತುಂಬಿ. ನಾನ್ ಹೊಡೀತೀನಿ."

ಆಗ ಅವರ ಮುಖ ನೋಡಿದೆ. ಬಿಳಿಗಡ್ಡ, ಕೋವಿಯ ಹಿಂಬದಿಗೆ ಕೆನ್ನೆಯಿಟ್ಟೂ ಇಟ್ಟೂ ಗಟ್ಟಿಯಾಗಿದ್ದ ಬಲಗೆನ್ನೆ. ಕೂಡಲೇ ಆ ನೆಗ್ಗು ಇನ್ನೊಂದು ಡಬ್ಬದ್ದೇನೋ ಅನ್ನಿಸಿತು. ಮತ್ತೆ ಇದರದ್ದೇ ಅನ್ನಿಸಿತು. ಬೆರಳು ಹಿಂದಕ್ಕೆ ತೆಗೆದೆ.

"ಗೊತ್ತಿಲ್ಲ ತಾತ."

ತಾತ ನನ್ನ ತಲೆ ಸವರಿದರು. ಬೈಯಲಿಲ್ಲ. ಎರಡೂ ಡಬ್ಬ ಹಿತ್ತಲಿಗೆ ಒಯ್ದು ಕನಕಾಂಬರದ ಪಾತಿಯಲ್ಲಿ ತೆಳುವಾಗಿ ಹರಡಿ, ನೀರು ಹಾಕಿ, ಮಣ್ಣಿಗೆ ಬೆರೆಸಿದರು. ಮೇಸ್ತ್ರಿ ಗುದ್ದಲಿ ಹಿಡಿದರು. ಇಬ್ಬರೂ ಜಗಳವಾಡಲಿಲ್ಲ, ಅದನ್ನು ನೋಡಲು ನನಗೆ ಆಗಲಿಲ್ಲ. ಸೋಮವಾರ ವಕೀಲರು ಕೋವಿ ಒಪ್ಪಿಸಿದರು. ಆಮೇಲೆ ತಾತ ಅಟ್ಟದಿಂದ ತಕ್ಕಡಿ ಇಳಿಸಲೇ ಇಲ್ಲ.

ಜೀವಮಾನದಲ್ಲಿ ನಾನು ಪಟ್ಟ ಸಾವಿರ ಆತಂಕಗಳಲ್ಲಿ ಇದೊಂದರ ಲೆಕ್ಕ ಇನ್ನೂ ಬಗೆಹರಿದಿಲ್ಲ. ನನ್ನ ಬೆರಳು ತೋರಿಸಿದ್ದು ಸರಿಯಾಗಿದ್ದು, ಅದನ್ನು ನಾನು ಹಿಂದಕ್ಕೆ ತೆಗೆಯದಿದ್ದಿದ್ದರೆ ಆ ಭಾನುವಾರ ಹಲಗೆಯ ಮೇಲೆ ಎರಡು ತೂತು ಒಂದಾಗುತ್ತಿದ್ದವು, ತಾತ ಇನ್ನೊಮ್ಮೆ ಪಂಚೆ ಕಟ್ಟಿ ಓಡುತ್ತಿದ್ದರು. ಎರಡು ಸಾವಿರದ ಇಸವಿ ದಾಟಿದ ಮೇಲೆ ಒಂದು ವರ್ಷ ತಾತ ತೀರಿಕೊಂಡಾಗ, ಹದಿಮೂರನೆಯ ದಿನ ಗಫೂರ್ ಮೇಸ್ತ್ರಿ ಬಂದು ಜಗಲಿಯ ಮೇಲೆ ಕೂತರು. ನಾನು ಕಾಫಿ ಕೊಡುತ್ತ, ಇಷ್ಟು ವರ್ಷ ಬಾಯಿಗೆ ಬಾರದ್ದನ್ನು ಕೇಳಿಬಿಟ್ಟೆ: "ನಾನು ಅವತ್ತು ಅದೇ ಡಬ್ಬ ಅಂದಿದ್ರೆ?"

ಅವರು ಲೋಟ ಪಕ್ಕಕ್ಕಿಟ್ಟು, ಎರಡೂ ಕೈ ಮುಂದೆ ಚಾಚಿ, ಹತ್ತೂ ಬೆರಳು ಬಿಡಿಸಿ ನನ್ನ ಮುಂದೆ ಹಿಡಿದರು. ಎಣ್ಣೆಗೆ ಕಪ್ಪಿಟ್ಟ, ಉಗುರು ಸವೆದ ಬೆರಳುಗಳು.

"ಎಣಿಸ್ಕೋ ಮಗಾ" ಎಂದರು.

ಎಣಿಸಿದೆ. ಒಂದು ಸಲ ಅಲ್ಲ, ಎರಡು ಸಲ.